ಎಂಟರ ನಡುವೆ ನಿಂತ ನಮ್ಮತ್ತೆ

"ಇವ್ಳಿಗೆ ಲೈಸೆನ್ಸಾ? ಆಗದ ಮಾತು" ಅಂದವರು ನಮ್ಮ ಮಾವ. ಸುಮ್ಮನೆ ಅಂದದ್ದಲ್ಲ. ಜಗಲಿಯ ಮೇಲೆ ಕೂತು, ಎಲೆಅಡಿಕೆ ಉಗಿದು, ಟವಲಿನಲ್ಲಿ ಬಾಯಿ ಒರೆಸಿಕೊಂಡು, ಬೀದಿಯಲ್ಲಿ ಹೋಗುವವರಿಗೂ ಕೇಳುವ ಹಾಗೆ ಅಂದರು. ಊಟಕ್ಕೆ ಕೂತಾಗ ಇನ್ನೊಮ್ಮೆ ಅಂದರು. ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯವರ ಮುಂದೆ ಮತ್ತೊಮ್ಮೆ ಅಂದರು. ಯಾರೂ ಬಾರದಿದ್ದಾಗ ಎಮ್ಮೆಗೂ ಹೇಳಿದರು.

ಅವರು ಹಾಗೆ ಸಾರುತ್ತಿದ್ದ ಹೊತ್ತಿನಲ್ಲಿ ನಮ್ಮತ್ತೆ ಏನು ಮಾಡುತ್ತಿದ್ದರು ಗೊತ್ತೆ? ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಹಿತ್ತಲಿನಿಂದ ಕೊಟ್ಟಿಗೆ ಕಡೆ ತಿರುಗುವಾಗ ಬಲಗೈ ನೀಟಾಗಿ ಚಾಚಿ ಸಿಗ್ನಲ್ ಕೊಡುತ್ತಿದ್ದರು. ಹಿಂದೆ ಬರುತ್ತಿದ್ದದ್ದು ಅದೇ ಎಮ್ಮೆ. ನಮ್ಮತ್ತೆ ಎಂಥವರೆಂದರೆ, ದೇವರೇ ಎದುರು ಬಂದರೂ ರಾಂಗ್ ಸೈಡಿನಲ್ಲಿ ಬಂದರೆ ನಿಲ್ಲಿಸಿ ಕೇಳುವವರು!

ಅವರು ನಮ್ಮಪ್ಪನ ಅಕ್ಕ. ನಾನು ಹುಟ್ಟಿದ್ದು ಮಿರ್ಲೆಯಲ್ಲಿ. ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ನಿಂತು ಕೆ.ಆರ್. ನಗರದ ಕಾಲೇಜು ಮುಗಿಸಿ, ನಮ್ಮ ವಂಶದಲ್ಲೇ ಮೊದಲ ಡಿಗ್ರಿ ತಂದವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಷ್ಟಪಟ್ಟು ತಂದದ್ದನ್ನು ಮುಚ್ಚಿಡುವುದು ಯಾಕೆ? ಬಿ.ಎಡ್. ಆದ ಮೇಲೆ ಪಿರಿಯಾಪಟ್ಟಣದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ಕೆಲಸ ಸಿಕ್ಕಿತು. ಅತ್ತೆಯ ಊರು ಅಲ್ಲೇ ಹತ್ತಿರ. ಹಾಗಾಗಿ ಅವರ ಮನೆಯಲ್ಲೇ ಇದ್ದೇನೆ. ಮಕ್ಕಳಿಗೆ ಸಂವಿಧಾನದ ಪಾಠ ಮಾಡಿ ಮನೆಗೆ ಬಂದರೆ, ಅತ್ತೆ ನನಗೆ ರಸ್ತೆಯ ಪಾಠ ಮಾಡುತ್ತಾರೆ.

ಅತ್ತೆ ಮೊದಲಿನಿಂದಲೂ ಹೀಗಿದ್ದವರಲ್ಲ. ಹೋದ ವರ್ಷ ಹೊಗೆಸೊಪ್ಪಿನ ಕೊನೆಯ ಕಟಾವಿನ ಸಮಯ. ಮಾವ ಹೊಲದಿಂದ ಸಂಜೆಗತ್ತಲಲ್ಲಿ ಸೈಕಲ್ ತಳ್ಳಿಕೊಂಡು ಕೆರೆ ಏರಿಯ ಮೇಲೆ ಬರುತ್ತಿದ್ದರು. ಎದುರಿಗೆ ಒಂದು ಬೈಕು ಬಂತು. ಬೈಕಿಗೆ ಲೈಟಿರಲಿಲ್ಲ. ಓಡಿಸುತ್ತಿದ್ದವನಿಗೆ ಲೈಸೆನ್ಸ್ ಇರಲಿಲ್ಲ. ಗುದ್ದಿದ ಏಟಿಗೆ ಮಾವನ ಬಲಗಾಲು ಮುರಿದು, ಒಳಗೆ ರಾಡು ಹಾಕಿಸಬೇಕಾಯಿತು. ಕೋಲು ಹಿಡಿದರೆ ಜಗಲಿಯಿಂದ ಕಣದವರೆಗೆ ನಡೆದಾರು, ಅದರಾಚೆಗೆ ಆಗದು. ಹೊಲವಿರುವುದು ಕೆರೆಯ ಆ ದಂಡೆಗೆ. ಏರಿಯ ಮೇಲೆ ಆಟೋ ಹೋಗುವುದಿಲ್ಲ. ಅವತ್ತಿನಿಂದ ಮಾವ ಹೊಲ ನೋಡಿರಲಿಲ್ಲ.

ಹೊಲ ನೋಡದ ಮಾವ ದಿನದಿಂದ ದಿನಕ್ಕೆ ಮೆತ್ತಗಾದರು. ಸಂಕ್ರಾಂತಿ ಹೊತ್ತಿಗೆ ಒಂದು ತೀರ್ಮಾನಕ್ಕೂ ಬಂದರು. ಈ ಸಲ ಹೊಲವನ್ನು ಊರಿನ ಇನ್ನೊಬ್ಬರಿಗೆ ವಾರಕ್ಕೆ ಕೊಟ್ಟುಬಿಡುವುದು, ಅವರೇ ಬೆಳೆದು ಪಾಲು ಕೊಡಲಿ ಅಂತ. ಕಣ್ಣಲ್ಲಿ ಕಾಣದ ಹೊಲಕ್ಕೆ ಯಜಮಾನ ಅನ್ನಿಸಿಕೊಂಡು ಏನುಪಯೋಗ ಎಂಬುದು ಅವರ ವಾದ. ಅತ್ತೆ ಜಗಳವಾಡಲಿಲ್ಲ. ನಾಟಿ ಹೊತ್ತಿನವರೆಗೆ ತಡೀರಿ ಅಂದರು, ಅಷ್ಟೆ. ಮಾರನೆಯ ದಿನ ನನ್ನನ್ನು ಕರೆದು, ಗಂಡನನ್ನು ಹಿಂದೆ ಕೂರಿಸಿಕೊಂಡು ಏರಿ ದಾಟಿಸಲು ಎಂಥ ಗಾಡಿ ಬೇಕು ಅಂತ ಕೇಳಿದರು.

ಹೆಂಗಸರ ಸಂಘದಲ್ಲಿ ಕೂಡಿಟ್ಟ ದುಡ್ಡನ್ನು ತೆಗೆದುಕೊಂಡು ಇಬ್ಬರೂ ಹುಣಸೂರಿಗೆ ಹೋದೆವು. ಅಂಗಡಿಯವರು ಅತ್ತೆಯ ನೆರಿಗೆ ಸೀರೆ, ಕೈಯಲ್ಲಿದ್ದ ಬುತ್ತಿ ಚೀಲ ನೋಡಿ ನೇರವಾಗಿ ಒಂದು ಪುಟ್ಟ ಎಲೆಕ್ಟ್ರಿಕ್ ಸ್ಕೂಟರಿನ ಮುಂದೆ ನಿಲ್ಲಿಸಿದರು. ಗಂಟೆಗೆ ಇಪ್ಪತ್ತೈದು ಕಿಲೋಮೀಟರಿಗಿಂತ ಜೋರಾಗಿ ಓಡದ ಗಾಡಿ, ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ, ಇವತ್ತೇ ಓಡಿಸಿಕೊಂಡು ಹೋಗಿ ಅಂತ ಹೊಗಳಿದರು. ಬಂದವರೆಲ್ಲ ಕೇಳಿ ಕೇಳಿ ಒಯ್ಯುವ ಗಾಡಿಯಂತೆ.

"ಏನೂ ಕಲೀದೆ ಓಡ್ಸಬೋದಾ?" ಅತ್ತೆ ಕೇಳಿದರು.

"ಏನೂ ಬೇಡ ಕಣಮ್ಮ, ಆರಾಮು."

"ಅಂಗಾರೆ ಅದು ನಂಗ್ ಬ್ಯಾಡ. ಲೈಸೆನ್ಸ್ ಬೇಕಾಗಿರೋದು ತೋರ್ಸಿ."

ಅಂಗಡಿಯವರು ನನ್ನ ಮುಖ ನೋಡಿದರು. ಅವರ ವ್ಯಾಪಾರದ ಜೀವನದಲ್ಲಿ ಇಂಥ ಗಿರಾಕಿ ಬಂದಿರಲಿಕ್ಕಿಲ್ಲ! ಇಬ್ಬರನ್ನು ಹೊತ್ತು ಏರಿ ಹತ್ತಲು ಆ ಪುಟ್ಟ ಗಾಡಿಗೆ ಶಕ್ತಿ ಸಾಲದು ಅಂತ ನಾನು ವಿವರಿಸಿ ಸಮಾಧಾನ ಮಾಡಿದೆ. ಕೊನೆಗೆ ಗಟ್ಟಿಮುಟ್ಟಾದ ಒಂದನ್ನು ಆರಿಸಿದೆವು. ಹೆಲ್ಮೆಟ್ ಎರಡು. ಒಂದು ಹೆಲ್ಮೆಟ್ ಉಚಿತವಾಗಿ ಕೊಟ್ಟಾಗ ಅತ್ತೆ ಅದನ್ನು ತಿರುಗಿಸಿ ಐಎಸ್‌ಐ ಗುರುತು ಹುಡುಕಿದರು, ಸಂತೆಯಲ್ಲಿ ಕುಂಬಳಕಾಯಿಯ ತೊಟ್ಟು ನೋಡುವ ಹಾಗೆ. ಗುರುತು ಸಿಕ್ಕಿದ ಮೇಲೆ ಕುಂಬಳಕಾಯಿಗೆ ಬಡಿಯುವ ಹಾಗೆ ಒಂದೆರಡು ಸಲ ಬಡಿದೂ ನೋಡಿದರು.

ಹಸಿರು ನಂಬರ್ ಪ್ಲೇಟು ಬಂದಾಗ ಊರಿನಲ್ಲಿ ಚರ್ಚೆ ಶುರುವಾಯಿತು. ಹಸಿರು ಟವಲಿನವರ ಗಾಡಿ ಅಂತ ಒಬ್ಬರು, ತೋಟಗಾರಿಕೆ ಇಲಾಖೆಯದು ಅಂತ ಇನ್ನೊಬ್ಬರು. ಕರೆಂಟಿನ ಗಾಡಿಗೆಲ್ಲ ಹಸಿರು ಪ್ಲೇಟು ಅಂತ ಅತ್ತೆ ಮನೆಮನೆಗೆ ಹೋಗಿ ತಿಳಿಸಿದರು, ಕೇಳದವರಿಗೂ.

ಗಾಡಿ ಪೂಜೆಯ ದಿನ ಪೂಜಾರಪ್ಪ ಭಕ್ತಿಯಿಂದ ಹೆಡ್‌ಲೈಟಿಗೆ ಅಂಗೈಯಗಲ ಕುಂಕುಮ ಮೆತ್ತಿದರು. ಎರಡೂ ಕನ್ನಡಿಗೆ ವಿಭೂತಿ ಪಟ್ಟೆ. ನಂಬರ್ ಪ್ಲೇಟು ಸೇವಂತಿಗೆ ಹಾರದ ಒಳಗೆ ಮಾಯವಾಯಿತು. ಊರಿನ ಎಲ್ಲ ಗಾಡಿಗೂ ಹಾಗೆಯೇ ಮಾಡುವುದು, ಒಂದು ವಾರವಾದರೂ ಯಾರೂ ಒರೆಸುವುದಿಲ್ಲ, ಒರೆಸಿದರೆ ಅಪಶಕುನ. ಮಂಗಳಾರತಿ ಮುಗಿದದ್ದೇ ತಡ ಅತ್ತೆ ಒದ್ದೆ ಬಟ್ಟೆ ತಂದು ಲೈಟು, ಕನ್ನಡಿ, ಇಂಡಿಕೇಟರು ಎಲ್ಲ ಉಜ್ಜಿ, ಹಾರವನ್ನು ಬಿಚ್ಚಿ ಸೀಟಿನ ಮೇಲಿಟ್ಟರು. ಪೂಜಾರಪ್ಪನಿಗೆ ಸಿಟ್ಟು ಬಂತು. ಅತ್ತೆ ಬಹಳ ವಿನಯದಿಂದ, ಲೈಟು ಕಾಣದ ಗಾಡಿಯಿಂದ ನಮ್ಮನೆಗೆ ಏನಾಗಿದೆ ಅಂತ ತಮಗೇ ಗೊತ್ತಲ್ಲ ಅಂದರು. ಪೂಜಾರಪ್ಪ ಜಗಲಿಯ ಮೇಲೆ ಕೂತಿದ್ದ ಮಾವನ ಕಾಲು ನೋಡಿದರು. ಬಗ್ಗಿ, ಗಾಡಿಯ ಸ್ಟ್ಯಾಂಡಿಗೆ ಒಂದು ಬೊಟ್ಟಿಟ್ಟು ಹೋದರು.

ಇನ್ನು ಓದು. ಲೈಸೆನ್ಸಿಗೆ ಮೊದಲು ಎಲ್‌ಎಲ್ ಅನ್ನುವ ಕಲಿಕೆಯ ಲೈಸೆನ್ಸು, ಎಲ್‌ಎಲ್‌ಗೆ ಮೊದಲು ಪರೀಕ್ಷೆ, ಪರೀಕ್ಷೆಯಲ್ಲಿ ರಸ್ತೆ ಚಿಹ್ನೆಗಳು. ನಾನು ಚಿಹ್ನೆಗಳನ್ನೆಲ್ಲ ಮುದ್ರಿಸಿ ತಂದು ಗೋಡೆಗೆ ಅಂಟಿಸಿದೆ. ಅತ್ತೆ ಓದಿದ್ದು ಮೂರನೇ ಕ್ಲಾಸು. ಓದುವುದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ನಾನು ಪಾಠ ಮಾಡಿದ್ದೇ ಮಾಡಿದ್ದು, ಬೆಳಗಾಗುವಷ್ಟರಲ್ಲಿ ಕಿರಿದಾದ ಸೇತುವೆಗೂ ಜಾರುವ ರಸ್ತೆಗೂ ವ್ಯತ್ಯಾಸ ಮರೆತಿರುತ್ತಿದ್ದರು. ನನ್ನ ಬಿ.ಎಡ್. ವಿದ್ಯೆಗೇ ಸವಾಲು!

ಆಗ ಅತ್ತೆಯೇ ದಾರಿ ಹುಡುಕಿದರು. ದಿನಾ ಬೆಳಗ್ಗೆ ಬಾಗಿಲಿಗೆ ರಂಗೋಲಿ ಹಾಕಲೇಬೇಕಲ್ಲ, ಎಳೆ ರಂಗೋಲಿಯ ಬದಲು ದಿನಕ್ಕೊಂದು ಚಿಹ್ನೆ ಹಾಕತೊಡಗಿದರು. ಕಣ್ಣು ಮರೆಯುತ್ತೆ, ಕೈ ಮರೆಯಲ್ಲ ಅನ್ನುವುದು ಅವರ ಲೆಕ್ಕ. ಸೋಮವಾರ ರಸ್ತೆ ಉಬ್ಬು. ಮಂಗಳವಾರ ಬಲ ತಿರುವು. ಶುಕ್ರವಾರ ಒಳ್ಳೆಯ ದಿನ ಅಂತ 'ಮುಂದೆ ಶಾಲೆ ಇದೆ' ಹಾಕಿ, ಅದರೊಳಗಿನ ಇಬ್ಬರು ಮಕ್ಕಳಿಗೆ ಅರಿಶಿನ ಕುಂಕುಮವನ್ನೂ ಇಟ್ಟರು. ಬೀದಿಯ ಹೆಂಗಸರಿಗೆ ಹೊಸ ಮಾದರಿ ಬಹಳ ಹಿಡಿಸಿತು. ಮುಂದಿನ ವಾರ ಮೂರು ಮನೆಗಳ ಮುಂದೆ ಬಣ್ಣಬಣ್ಣದ 'ಪಾರ್ಕಿಂಗ್ ನಿಷೇಧ' ಅರಳಿತ್ತು. ಅದರ ಮೇಲೇ ಅಚ್ಚುಕಟ್ಟಾಗಿ ಎತ್ತಿನ ಗಾಡಿಗಳು ನಿಂತಿದ್ದವು.

ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಒಂದು ದಿನ ಅತ್ತೆ ನೋ ಎಂಟ್ರಿ ಹಾಕಿದರು. ಹೊಸಿಲಿನ ಮುಂದೆ ಮೊರದಗಲದ ಕೆಂಪು ವೃತ್ತ, ನಡುವೆ ಬಿಳಿ ಪಟ್ಟಿ. ಅವತ್ತೇ ಬರಬೇಕೆ ಸಾಲಿಗ್ರಾಮದ ನೆಂಟರು! ಮಾವನ ತಂಗಿಯ ಮನೆಯವರು, ಮಗಳ ಮದುವೆಗೆ ಕರೆಯಲು ಬಂದವರು. ಮಾವನ ತಂಗಿ, ಮಕ್ಕಳು, ಜೊತೆಗೆ ಬಂದಿದ್ದ ಇಬ್ಬರು ಎಲ್ಲ ರಂಗೋಲಿ ದಾಟಿ ಒಳಗೆ ಬಂದರು. ತಂಗಿಯ ಗಂಡ ಮಾತ್ರ ಬಿಸಿಲಿನಲ್ಲಿ, ಕೈಯಲ್ಲಿ ಲಗ್ನಪತ್ರಿಕೆ ಹಿಡಿದುಕೊಂಡು ಆಚೆಯೇ ನಿಂತರು. ಅವರು ಬಸ್ ಡ್ರೈವರ್.

"ಒಳಕ್ ಬನ್ನಿ ಬಾವ" ಮಾವ ಜಗಲಿಯಿಂದ ಕರೆದರು.

"ಎಂಗ್ ಬರ್ಲಿ ಬಾವ? ಸರ್ವೀಸ್‌ನಾಗೆ ಒಂದ್ ದಿನ ಈ ಬೋರ್ಡ್ ದಾಟ್ದೋನಲ್ಲ. ನಾವ್ ಬರೋದ್ ಇಷ್ಟ ಇಲ್ದಿದ್ರೆ ಬಾಯಲ್ಲೇ ಏಳ್ಬೋದಾಗಿತ್ತು."

ಅವರ ಮುಖ ಕೆಂಪು ವೃತ್ತಕ್ಕಿಂತ ಕೆಂಪಾಗಿತ್ತು. ಮಾವನಿಗೆ ತಲೆಬುಡ ತಿಳಿಯಲಿಲ್ಲ. ಮದುವೆಯ ಕರೆಯೋಲೆ ವಾಪಸ್ ಹೋಗುವ ಹಾಗಿತ್ತು. ಅತ್ತೆ ಅಡುಗೆಮನೆಯಿಂದ ಓಡಿ ಬಂದರು. ನಾನು ಕ್ಷಮೆ ಕೇಳುತ್ತಾರೆ ಅಂದುಕೊಂಡೆ. ಅತ್ತೆಯ ಮುಖದಲ್ಲಿ ಹಬ್ಬವಿತ್ತು.

"ನೋಡು ಮಗ, ಇವ್ರೊಬ್ರೇ ಸರ್ಯಾಗಿ ನಿಂತಿರೋದು. ಒಳೀಕ್ ಬಂದೋರೆಲ್ಲ ದಂಡ ಕಟ್ಬೇಕು" ಅಂತ ನನಗೆ ಹೇಳಿ, ಬಾವನವರನ್ನು ಕೈ ತೋರಿಸಿ ಹಿತ್ತಲ ಬಾಗಿಲಿನಿಂದ ಕರೆದುಕೊಂಡು ಬಂದರು. ವಿಷಯ ತಿಳಿದ ಮೇಲೆ ಆ ಡ್ರೈವರ್ ಸಾಹೇಬರ ಸಿಟ್ಟು ಎಲ್ಲಿ ಹೋಯಿತೋ! ಪತ್ರಿಕೆ ಕೊಟ್ಟು, ಮುದ್ದೆ ಉಂಡು, ಸಾಯಂಕಾಲದವರೆಗೆ ಕೂತು ಗೋಡೆಯ ಮೇಲಿನ ಚಿಹ್ನೆಗಳನ್ನೆಲ್ಲ ಪಾಠ ಮಾಡಿದರು. ಅವರ ಹೆಂಡತಿಯಂತೂ, ಇಷ್ಟು ವರ್ಷದ ಸಂಸಾರದಲ್ಲಿ ಈತ ಇಷ್ಟೊಂದು ಮಾತಾಡಿದ್ದನ್ನು ತಾನು ಕೇಳಿಯೇ ಇಲ್ಲ ಅಂದರು.

ಎಲ್‌ಎಲ್ ಪರೀಕ್ಷೆಯಲ್ಲಿ ಅತ್ತೆ ಪಾಸಾದರು. ಕಂಪ್ಯೂಟರಿನ ಮುಂದಿನಿಂದ ಎದ್ದು ಬಂದವರಿಗೆ ಒಂದೇ ಅಸಮಾಧಾನ. ಕುರುಡರು ಬಿಳಿ ಕೋಲು ಹಿಡಿದು ರಸ್ತೆ ದಾಟುವಾಗ ಏನು ಮಾಡಬೇಕು ಅಂತ ಕೇಳಿದ್ದರಂತೆ. "ಇದ್ನೂ ಕೇಳ್ಬೇಕಾ ಮಗ? ನಿಲ್ಲಿಸ್ದೆ ಓಯ್ತಾರಾ ಯಾರಾದ್ರೂ?" ಅಂದರು. ಆಮೇಲೆ ತಾವೇ "ಓಯ್ತಾರೆ ಬುಡು" ಅಂದು ಸೆರಗು ಸರಿಮಾಡಿಕೊಂಡರು.

ಎಲ್‌ಎಲ್ ಬಂದ ಮೇಲೆ ಅತ್ತೆ ಕಣದಲ್ಲೇ ಸುತ್ತಿ ಸುತ್ತಿ ಗಾಡಿ ಬಿಡಲು ಕಲಿತರು, ನನ್ನ ಕಷ್ಟ ಶುರುವಾಯಿತು. ಗಾಡಿಯ ಹಿಂದೆ ಮುಂದೆ ಕೆಂಪು ಬಣ್ಣದ 'ಎಲ್' ಏರಿತು. ಶಾಲೆಗೆ ಹೋಗಲು ನಾನು ಬಸ್ ನಿಲ್ದಾಣದವರೆಗೆ ನಡೆಯಬೇಕು. ಇನ್ನು ಮೇಲೆ ಅತ್ತೆ ಬಿಡುತ್ತಾರೆ ಅಂತ ಖುಷಿಯಾಗಿ ಹೆಲ್ಮೆಟ್ ಹಾಕಿಕೊಂಡು ಹಿಂದೆ ಹತ್ತಲು ಹೋದೆ.

"ಇಳಿ" ಅಂದರು.

"ಯಾಕತ್ತೆ?"

"ನಿಂಗ್ ಲೈಸೆನ್ಸ್ ಐತಾ?"

"ನಂಗ್ಯಾಕೆ? ಓಡಿಸೋದು ನೀನು."

"ಎಲ್ ಬೋರ್ಡ್‌ನೋರ ಹಿಂದೆ ಲೈಸೆನ್ಸ್ ಇದ್ದು ಹೇಳ್ಕೊಡೋರು ಮಾತ್ರ ಕೂರ್ಬೋದು, ಬ್ಯಾರೆಯೋರು ಕೂರಂಗಿಲ್ಲ. ನೀನೇ ಓದಿ ಏಳ್ದೆಯಲ್ಲವ್ವ."

ನಾನೇ ಓದಿ ಹೇಳಿದ್ದೆ! ಡಿಗ್ರಿ ಇದೆ, ಲೈಸೆನ್ಸ್ ಇಲ್ಲ. ಆದರೆ ಅತ್ತೆ ಕಲ್ಲು ಮನಸ್ಸಿನವರಲ್ಲ. ನನ್ನ ಬ್ಯಾಗನ್ನು ತೆಗೆದು ತಮ್ಮ ಕಾಲ ಬಳಿ ಇಟ್ಟುಕೊಂಡರು. ಬ್ಯಾಗಿಗೆ ಲೈಸೆನ್ಸ್ ಬೇಡ. ಹಾಗೆ ನಾನು ರಸ್ತೆಯಂಚಿನಲ್ಲಿ ನಡೆಯುವುದು, ಪಕ್ಕದಲ್ಲಿ ಅತ್ತೆ ನನ್ನ ನಡಿಗೆಯ ವೇಗಕ್ಕೆ ಸ್ಕೂಟರ್ ಬಿಡುವುದು. ಎದುರಿಗೆ ಸಿಕ್ಕವರೆಲ್ಲ ಜಗಳವಾಡಿದ್ದೀರಾ ಅಂತ ಕೇಳುತ್ತಿದ್ದರು. ಇದು ದಿನವೂ ನಡೆಯಿತು.

ಇನ್ನೊಂದು ತಾಪತ್ರಯ ಗಾಡಿಯ ಮೌನ. ಪೆಟ್ರೋಲ್ ಗಾಡಿ ಬಂದರೆ ಊರಿನ ಕೋಳಿಗೂ ಗೊತ್ತಾಗುತ್ತದೆ. ಇದು ಬೆಕ್ಕಿನ ಹಾಗೆ ಬರುತ್ತದೆ. ಬೀದಿಯ ನಡುವೆ ಕೂತು ಸೊಪ್ಪು ಬಿಡಿಸುವ ಅಜ್ಜಿಯರ ಬೆನ್ನ ಹಿಂದೆ ಬಂದು ನಿಂತರೂ ತಿಳಿಯದು. ಹಾರ್ನ್ ಮಾಡಿದರೆ ಬೆಚ್ಚಿಬೀಳುತ್ತಾರೆ, ಮಾಡದಿದ್ದರೆ ಏಳುವುದಿಲ್ಲ. ಅತ್ತೆ ಇದಕ್ಕೂ ತಮ್ಮದೇ ವಿಧಾನ ಕಂಡುಕೊಂಡರು. ಊರೊಳಗೆ ಗಾಡಿ ಓಡಿಸುವಾಗ ಬಾಯಲ್ಲೇ ಎಲ್ಲರನ್ನೂ ಮಾತಾಡಿಸುತ್ತಾ ಹೋಗುವುದು. ಅವರು ಬೀದಿಯ ಆ ತುದಿ ಮುಟ್ಟುವಷ್ಟರಲ್ಲಿ ಯಾರ ಮನೆಯ ಸಾರು ಯಾವುದು, ಯಾರ ಮೊಮ್ಮಗಳಿಗೆ ಜ್ವರ ಇಳಿದಿದೆ ಎಲ್ಲ ತಿಳಿಯುತ್ತಿತ್ತು. ಒಂದು ಕೋಳಿಗೂ ಅಪಾಯವಾಗಲಿಲ್ಲ.

ಕೊನೆಗೆ ಓಡಿಸುವ ಪರೀಕ್ಷೆಯ ದಿನ ಬಂತು. ಪರೀಕ್ಷೆ ಹುಣಸೂರಿನಲ್ಲಿ. ಅತ್ತೆ ಸ್ಕೂಟರಿನಲ್ಲಿ, ನಾನು, ಲೈಸೆನ್ಸ್ ಇಲ್ಲದ ಪಾಪಿ, ಬಸ್ಸಿನಲ್ಲಿ. ಬಸ್ಸು ಅತ್ತೆಯನ್ನು ಹಿಂದಿಕ್ಕುತ್ತಿತ್ತು, ಮುಂದಿನ ಸ್ಟಾಪಿನಲ್ಲಿ ಜನ ಇಳಿಯುವಷ್ಟರಲ್ಲಿ ಅತ್ತೆ ಎಡಪಕ್ಕದ ಅಂಚು ಹಿಡಿದು ನಿಧಾನವಾಗಿ ಬರುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ಕಂಡಕ್ಟರಿಗೂ ಕುತೂಹಲ ಹತ್ತಿತು. ಅದು ನಮ್ಮತ್ತೆ ಅಂತ ನಾನು ಜಂಬದಿಂದಲೇ ಹೇಳಿದೆ.

ಮೈದಾನದಲ್ಲಿ ನೆಲದ ಮೇಲೆ ದೊಡ್ಡದೊಂದು ಎಂಟರ ಅಂಕಿ. ಗೆರೆ ದಾಟದೆ, ಕಾಲೂರದೆ ಅದರ ಮೇಲೆ ಗಾಡಿ ಸುತ್ತಿಸಬೇಕು. ಅತ್ತೆಯ ಸರದಿ ಬಂತು. ಹೆಲ್ಮೆಟ್ ಪಟ್ಟಿ ಬಿಗಿದರು, ಕನ್ನಡಿ ನೋಡಿದರು, ಇಂಡಿಕೇಟರ್ ಹಾಕಿದರು. ಮೊದಲ ಸುತ್ತು ಬೆಣ್ಣೆಯ ಹಾಗೆ ಬಂತು. ಎಂಟರ ನಡುವೆ, ಗೆರೆಗಳು ಒಂದನ್ನೊಂದು ದಾಟುವ ಜಾಗಕ್ಕೆ ಬಂದಾಗ ಏನು ಮಾಡಬೇಕು? ಬ್ರೇಕ್ ಹಿಡಿದು, ಕಾಲೂರಿ, ನಿಂತೇಬಿಟ್ಟರು! ಬಲಕ್ಕೆ ನೋಡಿದರು. ಎಡಕ್ಕೆ ನೋಡಿದರು. ಖಾಲಿ ಮೈದಾನ. ಒಂದು ಹಾರ್ನ್ ಮಾಡಿ ಮುಂದೆ ಹೋದರು.

ಇನ್ಸ್‌ಪೆಕ್ಟರು ಹತ್ತಿರ ಕರೆದು, ಚೆನ್ನಾಗಿ ಓಡಿಸುತ್ತಿದ್ದವರು ಯಾಕಮ್ಮ ನಿಂತಿರಿ ಅಂತ ಕೇಳಿದರು.

"ನಾಕ್ ದಾರಿ ಕೂಡ್ತಲ್ಲ ಸಾ. ಸಿಗ್ನಲ್ ಇರ್ನಿಲ್ಲ. ನಿಂತ್ ನೋಡದೆ ಎಂಗ್ ನುಗ್ಲಿ?"

ಇನ್ಸ್‌ಪೆಕ್ಟರು ಟೋಪಿ ತೆಗೆದು ತಲೆ ಕೆರೆದುಕೊಂಡರು. ನಗಬಾರದು ಅಂತ ಅವರು ಪಟ್ಟ ಪಾಡು ನನಗೆ ಕಂಡಿತು. ನಿಯಮ ನಿಯಮವೇ, ಕಾಲೂರಿದರೆ ಪಾಸು ಮಾಡುವ ಹಾಗಿಲ್ಲ, ಅಭ್ಯಾಸ ಮಾಡಿಕೊಂಡು ಮತ್ತೆ ಬನ್ನಿ ಅಂದರು. ನಿಯಮ ನಿಯಮವೇ ಅನ್ನುವ ಮಾತಿಗೆ ಅತ್ತೆಯ ತಕರಾರೇನೂ ಇರಲಿಲ್ಲ. ಕೈ ಮುಗಿದು ಬಂದರು.

ಆದರೆ ಮನೆಗೆ ಬಂದವರೇ ಊಟಕ್ಕೂ ಕೂರದೆ ಹಿತ್ತಲಿಗೆ ಹೋದರು. ಹಿತ್ತಲಿನ ಮಡಿಯಲ್ಲಿ ಹೊಗೆಸೊಪ್ಪಿನ ಸಸಿಗಳು ಗೇಣುದ್ದವಾಗಿದ್ದವು. ಮೊದಲ ಮಳೆ ಬಿದ್ದರೆ ನಾಟಿ. ಹೊಲವನ್ನು ವಾರಕ್ಕೆ ಕೇಳಿದ್ದವರು ಆವತ್ತು ಬೆಳಗ್ಗೆಯೇ ಬಂದು ಹೋಗಿದ್ದರು. ಇನ್ನೊಂದು ವಾರದಲ್ಲಿ ಮಾತು ಹೇಳುತ್ತೇನೆ ಅಂತ ಮಾವ ಕಳಿಸಿದ್ದರು.

ಮಾರನೆಯ ಬೆಳಗ್ಗೆ ಅತ್ತೆ ಕಣದಲ್ಲಿ ರಂಗೋಲಿ ಪುಡಿ ಚೆಲ್ಲಿ ಒಂದು ಎಂಟು ಬರೆದರು. ಸುತ್ತಿದರು. ನಡುವೆ ಬಂದಾಗ ಕಾಲು ತಾನಾಗಿ ಕೆಳಗಿಳಿಯಿತು. ಮತ್ತೆ ಸುತ್ತಿದರು, ಮತ್ತೆ ನಿಂತರು. ನಾನು ಹೇಳಿದೆ, ಬಯ್ದೆ, ಬೇಡಿಕೊಂಡೆ. ನಿಲ್ಲಬಾರದು ಅಂತ ತಲೆಗೆ ಗೊತ್ತು, ಕಾಲು ಕೇಳಬೇಕಲ್ಲ!

ಜಗಲಿಯಿಂದ ನೋಡಿ ನೋಡಿ ಸಾಕಾದ ಮಾವ ಕೋಲೂರಿಕೊಂಡು ಕಣಕ್ಕೆ ಬಂದರು. ಅತ್ತೆಯ ಮುಂದೆ ನಿಂತು ಕೋಲಿನಿಂದ ಗೆರೆ ತೋರಿಸಿದರು.

"ಇದು ನಾಕ್ ದಾರಿ ಅಲ್ಲ ಕಣಮ್ಮಿ. ಒಂದೇ ದಾರಿ, ಸುತ್ಕಂಡ್ ಬಂದೈತೆ. ನಿನ್ ದಾರೀಗೆ ನೀನೇ ಅಡ್ಡ ಬಂದ್ರೆ ಯಾರಿಗ್ ಅಂತ ನಿಲ್ತೀಯೆ?"

ಅತ್ತೆ ಗೆರೆಯನ್ನೇ ನೋಡಿದರು. ಬೆರಳಿನಿಂದ ಗಾಳಿಯಲ್ಲಿ ಒಂದು ಎಂಟು ಬರೆದು ನೋಡಿದರು. ಹೂಂ ಅಂದು ಗಾಡಿ ಹತ್ತಿದರು. ಆ ಸಲ ನಿಲ್ಲಲಿಲ್ಲ. ಮಾವ ಬಿಸಿಲೇರುವವರೆಗೆ ಕಣದಲ್ಲೇ ಇದ್ದರು. ಕತ್ತು ಎತ್ತು, ದೂರ ನೋಡು, ಕೈ ಬಿಗಿ ಹಿಡೀಬೇಡ ಅಂತ ಹೇಳಿದ್ದೇ ಹೇಳಿದ್ದು. ಆಗದ ಮಾತು ಅನ್ನುವ ಮಾತನ್ನು ಆವತ್ತು ಎಮ್ಮೆಗೂ ಹೇಳಲಿಲ್ಲ.

ಅಂದು ಸಂಜೆ ಅತ್ತೆ ಹಾಲು ಕರೆಯುತ್ತಿದ್ದರು. ಮಾವನ ಕಾಲಿಗೆ ಎಣ್ಣೆ ಹಚ್ಚುತ್ತಾ, ನಿಮಗೆ ಇಷ್ಟು ನಂಬಿಕೆ ಇದ್ದರೆ ಮೊದಲೆಲ್ಲ ಯಾಕೆ ಹಾಗೆ ಅಂದಿರಿ ಅಂತ ನಾನು ಕೇಳಿಯೇಬಿಟ್ಟೆ. ಮಾವ ಕೊಟ್ಟಿಗೆಯ ಕಡೆ ನೋಡಿದರು.

"ಅವತ್ತು ನಾನ್ ಬಿದ್ದಿದ್ನಲ್ಲ ಮಗ, ಇವ್ಳು ಟಾರ್ಚ್ ಇಡ್ಕಂಡು ಏರಿ ಮ್ಯಾಲೆ ಓಡ್ಬಂದ್ಲು. ಕಾಲಲ್ಲಿ ಎಕ್ಕಡ ಇರ್ನಿಲ್ಲ. ನಾಳೆ ಇವ್ಳು ಬಿದ್ಲು ಅಂದ್ಕೊ. ಈ ಕಾಲಲ್ಲಿ ನಾನ್ ಎಷ್ಟೊತ್ತಿಗೆ ಓಗ್ ಸೇರ್ಲಿ?"

ಎಣ್ಣೆ ಹಚ್ಚುತ್ತಾ ಹೋದೆ.

ಎರಡನೇ ಪರೀಕ್ಷೆಯಲ್ಲಿ ಅತ್ತೆ ಎಂಟನ್ನು ಒಂದೇ ಉಸಿರಿಗೆ ಸುತ್ತಿ ಬಂದರು. ಇನ್ಸ್‌ಪೆಕ್ಟರು ಕೂಡ ಚಪ್ಪಾಳೆ ತಟ್ಟಿದರು. ಹೊಲ ಕೇಳಿದ್ದವರು ಮಾತಿಗೆ ಬಂದಾಗ ಮಾವ ಇನ್ನೂ ಸ್ವಲ್ಪ ತಡೀರಿ ಅಂದರು. ಕಾರ್ಡು ಅಂಚೆಯಲ್ಲಿ ಬರಬೇಕಿತ್ತು. ಅಷ್ಟರೊಳಗೆ ಮಳೆಯೂ ಬಂತು.

ಪೋಸ್ಟ್‌ಮನ್ ಬಂದ ದಿನ ಭಾನುವಾರವಲ್ಲವಾದರೂ ನಾನು ಮನೆಯಲ್ಲಿದ್ದೆ, ಶಾಲೆಗೆ ಬೇಸಿಗೆ ರಜೆ. ಅತ್ತೆ ಹಿತ್ತಲಲ್ಲಿ ಸಸಿ ಕೀಳುತ್ತಿದ್ದರು. ಕವರಿಗೆ ಸಹಿ ಹಾಕಿದ್ದು ಮಾವ. ತಾವೇ ಬಿಡಿಸಿದರು. ಕಾರ್ಡನ್ನು ಬೆಳಕಿಗೆ ಹಿಡಿದು ಫೋಟೋ ನೋಡಿದರು. ನನ್ನ ಕೈಲಿ ಹೆಸರು ಓದಿಸಿದರು, ಇನ್ನೊಂದು ಸಲ ಓದು ಅಂದರು. ಆಮೇಲೆ ಅದನ್ನು ಟವಲಿನಲ್ಲಿ ಒರೆಸಿ, ಕೋಲು ಹಿಡಿದು, ಗೋಡೆ ಹಿಡಿದು ಹಿತ್ತಲಿಗೆ ಹೋದರು. ಕೆಸರುಗೈಯಲ್ಲಿ ಎದ್ದು ನಿಂತ ಅತ್ತೆ ಕೈಯನ್ನು ಸೆರಗಿಗೆ ಉಜ್ಜಿಕೊಂಡು ಕಾರ್ಡು ಇಸಿದುಕೊಂಡರು.

"ನಾಳಿಕ್ ನಾಟಿಗೆ ಆಳ್ ಏಳ್ಬುಡು" ಅಂದರು ಮಾವ. "ನಾನೂ ಬತ್ತೀನಿ."